ಜನ ಬಿಟ್ಟುಹೋದ ಊರುಗಳು: "ಅವರು ಯಾಕೆ ವಾಪಸ್ ಬರಲಿಲ್ಲ?" ಅಂತ ಮಕ್ಕಳು ಕೇಳಿದರೆ ಏನು ಹೇಳಲಿ?

ಭೂಗೋಳಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಊರುಗಳು ಹೇಗೆ ಹುಟ್ಟುತ್ತವೆ ಎಂಬ ಪಾಠ ಪುಸ್ತಕದಲ್ಲಿದೆ. ಹೊಳೆ, ಫಲವತ್ತಾದ ನೆಲ, ಗಣಿ, ಬಂದರು ಅಂತ ಕಾರಣಗಳನ್ನೂ ಕೊಟ್ಟಿದ್ದಾರೆ. ಆದರೆ ಒಂದು ಊರು ಖಾಲಿಯಾಗುವುದು ಹೇಗೆ ಅನ್ನುವುದರ ಬಗ್ಗೆ ಒಂದು ಸಾಲೂ ಇಲ್ಲ.

ಹಾಗಾಗಿ ನಾನೇ ಪ್ರಿಪ್ಯಾತ್ ಊರಿನ ಕೆಲವು ಫೋಟೋ ತೋರಿಸಿದೆ. ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರದ ಪಕ್ಕದ ಊರು. ಖಾಲಿ ಈಜುಕೊಳ, ತುಕ್ಕು ಹಿಡಿದ ಜಯಂಟ್ ವೀಲ್, ನೆಲದ ಮೇಲೆ ಹರಡಿದ ಪುಸ್ತಕ. ಮಕ್ಕಳು ತುಂಬಾ ಹೊತ್ತು ನೋಡಿದರು. ಆಮೇಲೆ ಒಬ್ಬಳು ಕೇಳಿದಳು, "ಮಿಸ್, ಅವರು ಯಾಕೆ ವಾಪಸ್ ಬರಲಿಲ್ಲ?" ವಿಕಿರಣ ಇತ್ತು ಅಂತ ಹೇಳಿದೆ. "ಹಾಗಾದರೆ ವಿಕಿರಣ ಇಲ್ಲದ ಊರುಗಳು ಯಾಕೆ ಖಾಲಿ ಆದವು?" ಅಂತ ಇನ್ನೊಬ್ಬ ಕೇಳಿದ.

ಈ ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿದೆ. ಅಂತರ್ಜಾಲದಲ್ಲಿ ಹುಡುಕಿದರೆ ಎಲ್ಲ ಕಡೆ "ರಾತ್ರೋರಾತ್ರಿ ಖಾಲಿಯಾದ ಊರು", "ದೆವ್ವದ ಊರು" ಅನ್ನುವುದೇ ಜಾಸ್ತಿ. ಒಂದು ಮನೆಯವರು ಕೊನೆಗೆ ಬಾಗಿಲು ಎಳೆದುಕೊಂಡು ಹೊರಡುವುದು ಯಾವ ಕಾರಣಕ್ಕೆ? ಅದನ್ನು ನಿರ್ಧಾರ ಮಾಡುವವರು ಯಾರು? ತಿಳಿದವರು ದಯವಿಟ್ಟು ಉದಾಹರಣೆ ಸಮೇತ ಹೇಳಿ.

ಹಳೇಸರ್ವೇಯರ್:

ಮೇಡಂ, ನಿಮ್ಮ ಆ ಇಬ್ಬರು ಮಕ್ಕಳೂ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ನಾನು ಕಲ್ಲಿದ್ದಲು ಗಣಿಯಲ್ಲಿ ಸರ್ವೇಯರ್ ಆಗಿದ್ದು ನಿವೃತ್ತನಾದವನು. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಊರಿನಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದ ಸೆಂಟ್ರೇಲಿಯಾ. ಈ ಊರು ಖಾಲಿಯಾಗಲು ಒಂದು ರಾತ್ರಿಯಲ್ಲ, ಮೂವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ.

1962ರ ಮೇ ತಿಂಗಳು. ಊರಿನ ಪಕ್ಕದಲ್ಲಿ ಕಲ್ಲಿದ್ದಲು ತೆಗೆದು ಬಿಟ್ಟ ಒಂದು ಹಳೆಯ ಗುಂಡಿ ಇತ್ತು. ಊರಿನ ಕಸವನ್ನೆಲ್ಲ ಅದರಲ್ಲಿ ಹಾಕುತ್ತಿದ್ದರು. ಆ ಕಸಕ್ಕೆ ಹತ್ತಿದ ಬೆಂಕಿ ಗುಂಡಿಯ ಮುಚ್ಚದ ಸಂದಿಯಿಂದ ಕೆಳಗಿನ ಕಲ್ಲಿದ್ದಲ ಪದರಕ್ಕೆ ಇಳಿಯಿತು. ಕೆಳಗೆಲ್ಲ ಹಳೆಯ ಗಣಿಯ ಸುರಂಗಗಳು. ಸುರಂಗ ಇದ್ದಲ್ಲಿ ಗಾಳಿ ಇರುತ್ತದೆ. ಗಾಳಿಯೂ ಕಲ್ಲಿದ್ದಲೂ ಸಿಕ್ಕ ಬೆಂಕಿ ಆರುವುದಿಲ್ಲ. ಜ್ವಾಲೆ ಎದ್ದು ಉರಿಯುವ ಬೆಂಕಿಯಲ್ಲ ಅದು. ಕೆಂಡದ ಹಾಗೆ ನಿಧಾನಕ್ಕೆ ಸುಡುತ್ತಾ ಮುಂದೆ ಹೋಗುತ್ತದೆ. ಎಲ್ಲಿದೆ ಅಂತ ಮೇಲಿನಿಂದ ಹೇಳಲಾಗುವುದಿಲ್ಲ. ಹಳೆಯ ಗಣಿ ನಕ್ಷೆಗಳನ್ನು ನಂಬಿ ಕೆಲಸ ಮಾಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕಾಗದದ ಮೇಲೆ ಒಂದು ಗೋಡೆ ಇರುತ್ತದೆ, ನೆಲದಡಿ ಆ ಗೋಡೆಯನ್ನು ಯಾರೋ ಯಾವಾಗಲೋ ಒಡೆದು ಕಲ್ಲಿದ್ದಲು ತೆಗೆದಿರುತ್ತಾರೆ.

ಅಲ್ಲಿಯೂ ಅಗೆದು ನೋಡಿದರು, ರಂಧ್ರ ಕೊರೆದು ನೀರು ಬೆರೆಸಿದ ಬೂದಿ ತುಂಬಿ ನೋಡಿದರು. ಪ್ರತಿ ಸಲವೂ ಒಂದೋ ದುಡ್ಡು ಮುಗಿಯುತ್ತಿತ್ತು, ಇಲ್ಲ ಬೆಂಕಿ ಮುಂದೆ ಹೋಗಿರುತ್ತಿತ್ತು. ಇಷ್ಟಾದರೂ ಜನ ಅಲ್ಲೇ ಇದ್ದರು. ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಚಳಿಗಾಲದಲ್ಲಿ ಕೆಲವು ಕಡೆ ನೆಲದ ಮೇಲೆ ಹಿಮ ನಿಲ್ಲುತ್ತಿರಲಿಲ್ಲ, ಅಷ್ಟೇ.

1979ರಲ್ಲಿ ಪೆಟ್ರೋಲ್ ಬಂಕಿನ ಮಾಲೀಕರೊಬ್ಬರು ನೆಲದಡಿಯ ಟ್ಯಾಂಕಿನ ಬಿಸಿ ಅಳೆದರು. ಪೆಟ್ರೋಲ್ 77 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. 1981ರ ಫೆಬ್ರವರಿಯಲ್ಲಿ 12 ವರ್ಷದ ಹುಡುಗನೊಬ್ಬನ ಕಾಲಡಿ ನೆಲವೇ ಕುಸಿಯಿತು. ಮರದ ಬೇರು ಹಿಡಿದು ನೇತಾಡುತ್ತಿದ್ದ ಅವನನ್ನು ಅವನ ಅಣ್ಣನ ವರಸೆಯ ಹುಡುಗ ಎಳೆದುಕೊಂಡ. ಆ ಗುಂಡಿಯಿಂದ ಏಳುತ್ತಿದ್ದ ಹಬೆಯಲ್ಲಿ ಪ್ರಾಣ ತೆಗೆಯುವಷ್ಟು ಕಾರ್ಬನ್ ಮೊನಾಕ್ಸೈಡ್ ಇತ್ತು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮನೆಯೊಳಗೆ ಗ್ಯಾಸ್ ಅಳೆಯುವ ಯಂತ್ರ ಇಟ್ಟುಕೊಂಡು ನಿದ್ದೆ ಮಾಡುವ ಸ್ಥಿತಿ ಬಂತು.

ಮಕ್ಕಳಿಗೆ ಇಲ್ಲಿ ನಿಧಾನವಾಗಿ ಹೇಳಿ. ಬೆಂಕಿ ಇಡೀ ಊರಿನ ಅಡಿ ಒಂದೇ ಸಮ ಇರಲಿಲ್ಲ. ಒಂದು ಬೀದಿಯವರಿಗೆ ನೆಲಮಾಳಿಗೆಯಲ್ಲಿ ಉಸಿರು ಕಟ್ಟುತ್ತಿತ್ತು. ಇನ್ನೊಂದು ಬೀದಿಯವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಒಬ್ಬರಿಗೆ ಅದು ಜೀವದ ಪ್ರಶ್ನೆ, ಇನ್ನೊಬ್ಬರಿಗೆ ಸರ್ಕಾರ ಸುಮ್ನೆ ಹೆದರಿಸುತ್ತಿದೆ ಎಂಬ ಅನುಮಾನ. ನಮ್ಮನ್ನು ಓಡಿಸಿ ಕೆಳಗಿನ ಕಲ್ಲಿದ್ದಲು ಹೊಡೆಯಲು ಮಾಡಿದ ಹೂಟ ಅಂತ ಬಲವಾಗಿ ನಂಬಿದವರೂ ಇದ್ದರು. ಬೆಂಕಿಯನ್ನು ಪೂರ್ತಿ ಅಗೆದು ತೆಗೆಯಲು ಸುಮಾರು 66 ಕೋಟಿ ಡಾಲರ್ ಬೇಕಾಗಬಹುದು ಅಂತ 1983ರಲ್ಲಿ ಅಂದಾಜು ಬಂತು. ಜನರನ್ನು ಬೇರೆ ಕಡೆ ಕಳಿಸಲು 4.2 ಕೋಟಿ ಡಾಲರ್ ಸಾಕಿತ್ತು. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ ಮೇಡಂ. ಊರಿನ ಹಣೆಬರಹ ಅಲ್ಲೇ ಇದೆ.

ಆ ವರ್ಷದ ಆಗಸ್ಟಿನಲ್ಲಿ ಮತದಾನ ಆಯಿತು. 345 ಜನ ಹೋಗೋಣ ಎಂದರು, 200 ಜನ ಬೇಡ ಎಂದರು. ಅಂದರೆ ಊರು ಎರಡು ಪಾಲಾಯಿತು. ಹೋದವರ ಮನೆಗಳನ್ನು ಕೆಡವಿದರು. ಅಲ್ಲಿನವು ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳು. ಪಕ್ಕದ ಮನೆ ಕೆಡವಿದರೆ ಉಳಿದ ಮನೆಗೆ ಆಸರೆ ಇಲ್ಲ. ಹಾಗಾಗಿ ಉಳಿದ ಮನೆಗಳ ಗೋಡೆಗೆ ಇಟ್ಟಿಗೆಯ ಆನಿಕೆ ಕಟ್ಟಬೇಕಾಯಿತು. ಆ ಫೋಟೋ ಸಿಕ್ಕರೆ ಮಕ್ಕಳಿಗೆ ಖಂಡಿತ ತೋರಿಸಿ. ಜಯಂಟ್ ವೀಲ್‌ಗಿಂತ ಅದೇ ಹೆಚ್ಚು ಹೇಳುತ್ತದೆ.

1992ರಲ್ಲಿ ರಾಜ್ಯ ಸರ್ಕಾರ ಉಳಿದ ಆಸ್ತಿಯನ್ನೆಲ್ಲ ಸ್ವಾಧೀನ ಮಾಡಿಕೊಂಡಿತು. 2002ರಲ್ಲಿ ಅಂಚೆ ಇಲಾಖೆ ಊರಿನ ಪಿನ್‌ಕೋಡ್ ರದ್ದು ಮಾಡಿತು. ಕೊನೆಗೆ 2013ರಲ್ಲಿ, ಉಳಿದಿದ್ದ ಬೆರಳೆಣಿಕೆಯ ಜನ ತಮ್ಮ ಜೀವ ಇರುವವರೆಗೆ ಅಲ್ಲೇ ಇರಬಹುದು ಅಂತ ರಾಜಿ ಆಯಿತು. 2020ರ ಜನಗಣತಿಯಲ್ಲಿ 5 ಜನ ಇದ್ದರು. 1960ರಲ್ಲಿ ಸುಮಾರು 1,400 ಜನ ಇದ್ದ ಊರು ಅದು. ಬೆಂಕಿ ಇನ್ನೂ ಉರಿಯುತ್ತಿದೆ.

ನೀಲಿಶಾಯಿ:

ಸರ್ವೇಯರ್ ಸರ್ ಬರೆದದ್ದು ಓದಿ ನನಗೆ ಜಪಾನಿನ ಹಾಶಿಮಾ ದ್ವೀಪ ನೆನಪಾಯಿತು. ಅದೂ ಕಲ್ಲಿದ್ದಲೇ. ಆದರೆ ಅಲ್ಲಿ ಮತದಾನವೂ ಇಲ್ಲ, ಜಗಳವೂ ಇಲ್ಲ.

1890ರಲ್ಲಿ ಮಿತ್ಸುಬಿಷಿ ಕಂಪನಿ ಆ ದ್ವೀಪ ಕೊಂಡಿತು. ಸಮುದ್ರದಡಿಯಿಂದ ಕಲ್ಲಿದ್ದಲು ತೆಗೆಯುತ್ತಿದ್ದರು. 6.3 ಹೆಕ್ಟೇರ್ ಜಾಗ. 1959ರಲ್ಲಿ ಅಷ್ಟರಲ್ಲೇ 5,259 ಜನ ಇದ್ದರು. ಶಾಲೆ, ಆಸ್ಪತ್ರೆ, ಸಿನಿಮಾ ಮಂದಿರ ಎಲ್ಲ ಇತ್ತು. ಆಮೇಲೆ ಜಪಾನ್ ಕಲ್ಲಿದ್ದಲು ಬಿಟ್ಟು ಪೆಟ್ರೋಲಿಯಂ ಕಡೆ ಹೊರಳಿತು. 1974ರ ಜನವರಿಯಲ್ಲಿ ಗಣಿ ಮುಚ್ಚಿದರು. ಏಪ್ರಿಲ್ 20ರ ಹೊತ್ತಿಗೆ ದ್ವೀಪದಲ್ಲಿ ಯಾರೂ ಇರಲಿಲ್ಲ. ಮೂರು ತಿಂಗಳು ಸಾಕಾಯಿತು.

ಯಾಕೆ ಅಷ್ಟು ಬೇಗ? ಮನೆ ಕಂಪನಿಯದು. ಕೆಲಸ ಕಂಪನಿಯದು. ಸೊಪ್ಪು ಬೆಳೆಯಲೂ ಮಣ್ಣಿಲ್ಲ, ಮನೆಯ ತಾರಸಿಯ ಮೇಲೆ ಹೊರಗಿನಿಂದ ಮಣ್ಣು ತಂದು ಕೈತೋಟ ಮಾಡಿದ್ದರು. ಸಂಬಳ ನಿಂತ ಮೇಲೆ ಅಲ್ಲಿ ಉಳಿಯುವುದು ಹೇಗೆ? ಸೆಂಟ್ರೇಲಿಯಾದವರು ಹಟ ಹಿಡಿದು ಕೂತರು ಅಂದರೆ ಆ ಮನೆ, ಆ ಜಾಗ ಅವರದ್ದಾಗಿತ್ತು.

ಇನ್ನೊಂದು ಮಾತನ್ನು ದಯವಿಟ್ಟು ಮಕ್ಕಳಿಗೆ ಬಿಡದೆ ಹೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೊರಿಯಾ ಮತ್ತು ಚೀನಾದ ಜನರನ್ನು ಬಲವಂತವಾಗಿ ತಂದು ಅಲ್ಲಿ ದುಡಿಸಿದರು. ಎಷ್ಟೋ ಜನ ಅಲ್ಲೇ ಸತ್ತರು. 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಇದೇ ದೊಡ್ಡ ವಿವಾದ ಆಯಿತು. "ಬಿಟ್ಟುಹೋದ ಊರು" ಅಂದ ಕೂಡಲೇ ನಮಗೆ ದುಃಖ ಆಗುತ್ತದೆ, ಆದರೆ ಎಲ್ಲರಿಗೂ ಅದು ಬಿಡಲಾರದ ಊರಾಗಿರಲಿಲ್ಲ.

ನಮೀಬಿಯಾದ ಕೋಲ್ಮನ್ಸ್‌ಕಾಪ್ ಕೂಡ ಹೀಗೇ. 1908ರಲ್ಲಿ ರೈಲು ಹಳಿಯ ಮರಳು ತೆಗೆಯುತ್ತಿದ್ದ ಜಕಾರಿಯಾಸ್ ಲೆವಾಲಾ ಎಂಬ ಕೆಲಸಗಾರನಿಗೆ ವಜ್ರ ಸಿಕ್ಕಿತು. ಮರುಭೂಮಿಯಲ್ಲಿ ಊರೇ ಎದ್ದಿತು. ದಕ್ಷಿಣಕ್ಕೆ ಆರೆಂಜ್ ನದಿಯ ಹತ್ತಿರ ಇನ್ನೂ ಜಾಸ್ತಿ ವಜ್ರ ಸಿಕ್ಕಿದ ಮೇಲೆ ಜನ ಅತ್ತ ಹೋದರು. 1956ರ ಹೊತ್ತಿಗೆ ಪೂರ್ತಿ ಖಾಲಿ. ಈಗ ಕೋಣೆಗಳಲ್ಲಿ ಸೊಂಟದೆತ್ತರಕ್ಕೆ ಮರಳು.

ಕಡಲತಡಿ:

ಟೀಚರ್, ನಮ್ಮ ದೇಶದ್ದೇ ಎರಡು ಉದಾಹರಣೆ ಕೊಡುತ್ತೇನೆ. ಎರಡನ್ನೂ "ಒಂದೇ ರಾತ್ರಿಯಲ್ಲಿ ಖಾಲಿ" ಅಂತ ಹೇಳುತ್ತಾರೆ.

ಒಂದು ಧನುಷ್ಕೋಟಿ. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್‌ನಿಂದ ಹೊರಟ ಪ್ಯಾಸೆಂಜರ್ ರೈಲು ಧನುಷ್ಕೋಟಿ ಮುಟ್ಟುವ ಮೊದಲೇ ಅಲೆಗೆ ಸಿಕ್ಕಿ ಒಳಗಿದ್ದ ನೂರಕ್ಕೂ ಹೆಚ್ಚು ಜನ ಸತ್ತರು. ಊರು ನೆಲಸಮ ಆಯಿತು. ಇದು ಎಲ್ಲರಿಗೂ ಗೊತ್ತಿರುವ ಭಾಗ.

ಇನ್ನೊಂದು ಭಾಗವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅದೇ ಚಂಡಮಾರುತ ಪಾಂಬನ್ ರೈಲು ಸೇತುವೆಯನ್ನೂ ಮುರಿದಿತ್ತು. ಇ. ಶ್ರೀಧರನ್ ನೇತೃತ್ವದಲ್ಲಿ ಅದನ್ನು 46 ದಿನದಲ್ಲಿ ಸರಿ ಮಾಡಿದರು. ರಾಮೇಶ್ವರಕ್ಕೆ ಮತ್ತೆ ರೈಲು ಬಂತು. ಅಲ್ಲಿಂದ ಮುಂದೆ ಧನುಷ್ಕೋಟಿಯ ಹಳಿಯನ್ನು ಮತ್ತೆ ಹಾಕಲಿಲ್ಲ. ಊರು ವಾಸಕ್ಕೆ ಯೋಗ್ಯ ಅಲ್ಲ ಅಂತ ಸರ್ಕಾರ ಘೋಷಿಸಿತು. ಸಿಲೋನಿನ ತಲೈಮನ್ನಾರ್‌ಗೆ ಹೋಗುವ ಹಡಗು ರಾಮೇಶ್ವರದಿಂದ ಹೊರಡತೊಡಗಿತು. ಧನುಷ್ಕೋಟಿ ಇದ್ದದ್ದೇ ಆ ರೈಲು ಮತ್ತು ಹಡಗಿನ ನಡುವಿನ ಕೊಂಡಿಯಾಗಿ. ಕಸ್ಟಮ್ಸ್ ಕಚೇರಿ, ಅಂಚೆ ಕಚೇರಿ, ಸ್ಟೇಷನ್, ಎಲ್ಲ ಅದರ ಸುತ್ತ. ಚಂಡಮಾರುತ ಮನೆಗಳನ್ನು ಕೆಡವಿತು. ಹಳಿ ಮತ್ತೆ ಹಾಕದೇ ಇದ್ದದ್ದು ಊರನ್ನು ಮುಗಿಸಿತು.

ಅಲ್ಲಿ ಯಾರೂ ಇಲ್ಲ ಅನ್ನುವುದೂ ನಿಜವಲ್ಲ. ಮೀನುಗಾರರ ಕುಟುಂಬಗಳು ಅಲ್ಲೇ ಗುಡಿಸಲು ಹಾಕಿಕೊಂಡು ಬದುಕುತ್ತಾ ಬಂದಿವೆ. ಅವರ ಬದುಕಿಗೆ ರೈಲು ಬೇಕಿರಲಿಲ್ಲ, ಕಡಲು ಬೇಕಿತ್ತು. ಕಡಲು ಅಲ್ಲೇ ಇದೆ ಅಲ್ವಾ?

ಎರಡನೆಯದು ರಾಜಸ್ಥಾನದ ಜೈಸಲ್ಮೇರ್ ಹತ್ತಿರದ ಕುಲಧಾರಾ. ದಿವಾನ ಸಾಲಿಂ ಸಿಂಗ್ ಒಬ್ಬ ಹುಡುಗಿಯ ಮೇಲೆ ಕಣ್ಣು ಹಾಕಿದ, ಪಾಲಿವಾಲ ಬ್ರಾಹ್ಮಣರು 84 ಹಳ್ಳಿಗಳನ್ನು ಒಂದೇ ರಾತ್ರಿ ಬಿಟ್ಟು ಶಾಪ ಹಾಕಿ ಹೋದರು ಅಂತ ಕಥೆ. ಗೈಡ್‌ಗಳು ಇದನ್ನೇ ಹೇಳುತ್ತಾರೆ. ಆದರೆ 19ನೇ ಶತಮಾನದ ಉದ್ದಕ್ಕೂ ಅಲ್ಲಿನ ಬಾವಿಗಳು ಒಂದೊಂದಾಗಿ ಬತ್ತಿದವು, ಜನಸಂಖ್ಯೆ ನಿಧಾನಕ್ಕೆ ಇಳಿಯಿತು ಅಂತ ಇತಿಹಾಸಕಾರರು ತೋರಿಸಿದ್ದಾರೆ. ದಿವಾನನ ತೆರಿಗೆ ಕಾಟವೂ ಸೇರಿಕೊಂಡಿರಬಹುದು. ನೀರಿಲ್ಲದ ನೆಲದಲ್ಲಿ ತೆರಿಗೆ ಹೆಚ್ಚಿಸಿದರೆ ರೈತ ಏನು ಮಾಡುತ್ತಾನೆ? ಮೊದಲು ಒಬ್ಬ ಮಗ ಹೋಗುತ್ತಾನೆ. ಆಮೇಲೆ ಅವನ ಹೆಂಡತಿ ಮಕ್ಕಳು. ಕೊನೆಗೆ ಮುದುಕರು. ಇದರಲ್ಲಿ ಶಾಪ ಇಲ್ಲ, ಹಾಗಾಗಿ ಇದನ್ನು ಯಾರೂ ಕಥೆ ಮಾಡಿ ಹೇಳುವುದಿಲ್ಲ. ಆದರೆ ಹೆಚ್ಚಿನ ಊರುಗಳು ಖಾಲಿಯಾಗುವುದು ಹೀಗೇ.

ಭೂಗೋಳಟೀಚರ್:

ತುಂಬಾ ತುಂಬಾ ಧನ್ಯವಾದ. ಧನುಷ್ಕೋಟಿಯ ಹಳಿಯ ವಿಷಯ ನನಗೆ ಹೊಸದು. ಹಾಗಾದರೆ ಮತ್ತೆ ಪ್ರಿಪ್ಯಾತ್‌ಗೆ ಬರುತ್ತೇನೆ. ಅಲ್ಲಿ ಹೊರಟಿದ್ದಂತೂ ಒಂದೇ ದಿನದಲ್ಲಿ ಅಲ್ವಾ? ಮತ್ತೆ ಕೆಲವರು ವಾಪಸ್ ಬಂದರು ಅಂತಲೂ ಓದಿದೆ. ಇದು ಹೇಗೆ?

ಹಳೇಸರ್ವೇಯರ್:

ಹೌದು ಮೇಡಂ, ಹೊರಟಿದ್ದು ಒಂದೇ ಮಧ್ಯಾಹ್ನದಲ್ಲಿ. ಆದರೆ ಶಾಶ್ವತವಾಗಿ ಹೋಗುತ್ತಿದ್ದೇವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

1986ರ ಏಪ್ರಿಲ್ 26ರ ಮುಂಜಾನೆ 1 ಗಂಟೆ 23 ನಿಮಿಷಕ್ಕೆ ಸ್ಫೋಟ. ಆ ಇಡೀ ಶನಿವಾರ ಊರಿನ ಜನ ಎಂದಿನಂತೆ ಹೊರಗೆ ಓಡಾಡಿದರು. ಮಕ್ಕಳು ಬೀದಿಯಲ್ಲಿ ಆಡಿದರು. ಮರುದಿನ ಮಧ್ಯಾಹ್ನ ರೇಡಿಯೋದಲ್ಲಿ ಪ್ರಕಟಣೆ ಬಂತು. ಗುರುತಿನ ಪತ್ರ, ಅಗತ್ಯದ ಸಾಮಾನು, ಸ್ವಲ್ಪ ಊಟ ಹಿಡಿದುಕೊಳ್ಳಿ, ಇದು ತಾತ್ಕಾಲಿಕ ಎಂದರು. ಕೀವ್‌ನಿಂದ ಸಾವಿರಕ್ಕೂ ಹೆಚ್ಚು ಬಸ್ಸು ಬಂದಿದ್ದವು. 2 ಗಂಟೆಗೆ ಶುರುವಾಗಿ ಕೆಲವೇ ಗಂಟೆಗಳಲ್ಲಿ ಸುಮಾರು 49,000 ಜನರ ಊರು ಖಾಲಿ. ಕೆಲವು ದಿನದಲ್ಲಿ ವಾಪಸ್ ಬರುತ್ತೇವೆ ಅಂದುಕೊಂಡವರು ಫೋಟೋ ಆಲ್ಬಮ್ ಯಾಕೆ ತೆಗೆದುಕೊಳ್ಳುತ್ತಾರೆ? ನಾಯಿಯನ್ನು ಯಾಕೆ ಕರೆದುಕೊಂಡು ಹೋಗುತ್ತಾರೆ? ನೀವು ತೋರಿಸಿದ ಚಿತ್ರಗಳಲ್ಲಿ ಸಾಮಾನು ಉಳಿದಿರುವುದಕ್ಕೆ ಗಾಬರಿಗಿಂತ ಆ ಮಾತೇ ಕಾರಣ. ಇದನ್ನು ಬರೆಯುವಾಗ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಜನರಿಗೆ ನಿಜ ಹೇಳಿದ್ದರೆ ಗಲಾಟೆ ಆಗುತ್ತಿತ್ತೇನೋ. ಆದರೆ ತಾಯಿಯ ಫೋಟೋವನ್ನಾದರೂ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಒಂದು ಎಚ್ಚರಿಕೆ. ಬೊಂಬೆಗೆ ಗ್ಯಾಸ್ ಮಾಸ್ಕ್ ಹಾಕಿ ಕುರ್ಚಿಯಲ್ಲಿ ಕೂರಿಸಿದ ಚಿತ್ರಗಳನ್ನು ಪಾಠಕ್ಕೆ ಬಳಸಬೇಡಿ. ಅವು ಆಮೇಲೆ ಬಂದ ಪ್ರವಾಸಿಗರು ಜೋಡಿಸಿಟ್ಟವು. ಮನೆಗಳಿಂದ ಕಳವೂ ಬೇಕಾದಷ್ಟು ಆಗಿದೆ.

ಇನ್ನು ವಾಪಸ್ ಬಂದವರ ವಿಷಯ. ನಿಷೇಧಿತ ವಲಯಕ್ಕೆ ಸುಮಾರು 1,200 ಜನ ಮರಳಿದರು. ಹೆಚ್ಚಿನವರು ವಯಸ್ಸಾದವರು, ಅದರಲ್ಲೂ ಹೆಂಗಸರು. ಆದರೆ ಅವರು ಮರಳಿದ್ದು ಸುತ್ತಲಿನ ಹಳ್ಳಿಗಳಿಗೆ ಮತ್ತು ಹಳೆಯ ಚೆರ್ನೋಬಿಲ್ ಪಟ್ಟಣಕ್ಕೆ. ಪ್ರಿಪ್ಯಾತ್‌ಗೆ ಅಲ್ಲ. ನನ್ನ ಲೆಕ್ಕದಲ್ಲಿ ವಿಕಿರಣ ಒಂದೇ ಇದಕ್ಕೆ ಕಾರಣ ಅಲ್ಲ. ಹಳ್ಳಿಯ ಮನೆಗೆ ಬಾವಿ ಇದೆ, ಸೌದೆ ಒಲೆ ಇದೆ, ಹಿತ್ತಲಲ್ಲಿ ಆಲೂಗಡ್ಡೆ ಬೆಳೆಯುತ್ತದೆ, ಹಿರಿಯರ ಸಮಾಧಿ ಅಲ್ಲೇ ಇದೆ. ಪ್ರಿಪ್ಯಾತ್ 1970ರಲ್ಲಿ ಹುಟ್ಟಿದ ಊರು. ಒಂಬತ್ತು, ಹದಿನಾರು ಮಹಡಿಯ ಕಟ್ಟಡಗಳು. ನಲ್ಲಿ, ಲಿಫ್ಟ್, ಬಿಸಿನೀರಿನ ಪೈಪು ನಿಂತರೆ ಎಂಟನೇ ಮಹಡಿಯಲ್ಲಿ ಒಬ್ಬ ಅಜ್ಜಿ ಒಂದು ವಾರವೂ ಇರಲಾರಳು.

ಇನ್ನೂ ಒಂದು. ವಿದ್ಯುತ್ ಸ್ಥಾವರದ ಕೊನೆಯ ರಿಯಾಕ್ಟರ್ ನಿಂತಿದ್ದು 2000ದ ಡಿಸೆಂಬರಿನಲ್ಲಿ. ಅಂದರೆ ಅಪಘಾತದ ನಂತರವೂ 14 ವರ್ಷ ಅಲ್ಲಿ ಕೆಲಸ ನಡೆದಿತ್ತು. ಕೆಲಸಗಾರರಿಗಾಗಿ ಸ್ಲಾವುಟಿಚ್ ಅಂತ ಹೊಸ ಊರನ್ನೇ ಕಟ್ಟಿದರು. 1988ರಿಂದ ಜನ ಅಲ್ಲಿಗೆ ಹೋದರು, ಅಲ್ಲಿಂದ ರೈಲಿನಲ್ಲಿ ಸ್ಥಾವರಕ್ಕೆ ಬಂದು ಹೋಗುತ್ತಿದ್ದರು. ನಿಮ್ಮ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಅವರಿಗೆ ಬೇರೆ ಊರು ಕೊಟ್ಟಾಗಿತ್ತು.

ನೀಲಿಶಾಯಿ:

ವಾಪಸ್ ಬರಲು ಬಿಡದ ಊರುಗಳನ್ನೂ ಸೇರಿಸಿ ಟೀಚರ್. ಇಂಗ್ಲೆಂಡಿನ ಇಂಬರ್ ಹಳ್ಳಿಯವರನ್ನು 1943ರ ನವೆಂಬರಿನಲ್ಲಿ ಕರೆದು, ಸೈನಿಕರ ತರಬೇತಿಗೆ ಜಾಗ ಬೇಕು, 47 ದಿನದಲ್ಲಿ ಬಿಡಿ ಎಂದರು. ಯುದ್ಧ ಮುಗಿದ ಮೇಲೂ ಸೈನ್ಯ ಹಿಂದಕ್ಕೆ ಕೊಡಲಿಲ್ಲ. ವರ್ಷಕ್ಕೆ ಕೆಲವು ದಿನ ಮಾತ್ರ ಅಲ್ಲಿನ ಚರ್ಚ್ ತೆರೆಯುತ್ತಾರೆ.

ಸೈಪ್ರಸ್‌ನ ವರೋಷಾ ಇನ್ನೂ ಕಷ್ಟದ್ದು. 1974ರ ಆಗಸ್ಟಿನಲ್ಲಿ ಟರ್ಕಿಯ ಸೈನ್ಯ ಬಂದಾಗ ಗ್ರೀಕ್ ಸೈಪ್ರಿಯಟ್ ಜನ ಓಡಿದರು. ಹೋಟೆಲುಗಳು ಸಾಲಾಗಿದ್ದ ಸಮುದ್ರ ತೀರದ ಊರು. ಸೈನ್ಯ ಬೇಲಿ ಹಾಕಿತು. ಮೂಲ ನಿವಾಸಿಗಳನ್ನು ಬಿಟ್ಟು ಬೇರೆಯವರನ್ನು ಅಲ್ಲಿ ನೆಲೆಗೊಳಿಸುವುದನ್ನು ಒಪ್ಪುವುದಿಲ್ಲ ಅಂತ 1984ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೇಳಿತು. 2020ರ ಅಕ್ಟೋಬರಿನಲ್ಲಿ ಒಂದಷ್ಟು ಭಾಗ ತೆರೆದಾಗ ಜನ ನೋಡಲು ಹೋದರು. ತಮ್ಮದೇ ಮನೆಯ ಮುಂದೆ ನಿಂತು ನೋಡಬಹುದು, ಒಳಗೆ ಹೋಗಿ ವಾಸ ಮಾಡುವ ಹಾಗಿಲ್ಲ. ಇವರನ್ನು "ಊರು ಬಿಟ್ಟವರು" ಅಂತ ಕರೆಯುವುದು ನನಗೆ ಸರಿ ಅನ್ನಿಸುವುದಿಲ್ಲ.

ಕಡಲತಡಿ:

ಯಾರ ಹಟವೂ ನಡೆಯದ ಊರು ಒಂದಿದೆ. ಕೆರಿಬಿಯನ್‌ನ ಮಾಂಟ್ಸೆರಾಟ್ ದ್ವೀಪದ ಪ್ಲಿಮತ್. 1995ರ ಜುಲೈನಲ್ಲಿ ಜ್ವಾಲಾಮುಖಿ ಎಚ್ಚರಗೊಂಡಿತು. ಜನ ಹೊರಟರು, ಸ್ವಲ್ಪ ಶಾಂತವಾದಾಗ ವಾಪಸ್ ಬಂದರು, ಮತ್ತೆ ಹೊರಟರು. 1997ರ ಜೂನ್ 25ರಂದು 19 ಜನ ಸತ್ತರು. ಅವರಲ್ಲಿ ಹೊಲ ಗದ್ದೆ ನೋಡಿಕೊಳ್ಳಲು ನಿಷೇಧಿತ ಜಾಗಕ್ಕೆ ಹೋದವರೂ ಇದ್ದರು. ಆಗಸ್ಟಿನಲ್ಲಿ ಪ್ಲಿಮತ್ ಬೂದಿಯಡಿ ಹೂತುಹೋಯಿತು. ದ್ವೀಪದ ಮೂರನೇ ಎರಡು ಭಾಗ ಜನ ದ್ವೀಪವನ್ನೇ ಬಿಟ್ಟರು. ಕಾನೂನಿನ ಪ್ರಕಾರ ಇವತ್ತಿಗೂ ಅದೇ ರಾಜಧಾನಿ.

ಭೂಗೋಳಟೀಚರ್:

ಎಲ್ಲವನ್ನೂ ಬರೆದಿಟ್ಟುಕೊಂಡೆ. ಸೆಂಟ್ರೇಲಿಯಾವನ್ನು ಹೀಗೆ ಮಾಡಿಸಬೇಕು ಅಂತಿದ್ದೇನೆ. 1962, 1979, 1981, 1983, 1992, 2002 ಅಂತ ಆರು ಚೀಟಿ. ಆಯಾ ವರ್ಷ ಊರಿನವರಿಗೆ ಏನು ಗೊತ್ತಿತ್ತೋ ಅಷ್ಟೇ ಚೀಟಿಯಲ್ಲಿ ಇರುತ್ತದೆ. ಅರ್ಧ ಮಕ್ಕಳ ಮನೆ ಬಿಸಿ ಬೀದಿಯಲ್ಲಿ, ಅರ್ಧ ಮಕ್ಕಳದ್ದು ತಣ್ಣಗಿನ ಬೀದಿಯಲ್ಲಿ. ಪ್ರತಿ ಚೀಟಿ ಓದಿದ ಮೇಲೆ ಇರುತ್ತೀರಾ, ಹೋಗುತ್ತೀರಾ ಅಂತ ಕೇಳುತ್ತೇನೆ. ಮುಂದಿನ ಚೀಟಿ ನೋಡುವ ಹಾಗಿಲ್ಲ.

ಹಳೇಸರ್ವೇಯರ್:

ಬಹಳ ಒಳ್ಳೆಯದು ಮೇಡಂ. ಒಂದೇ ಸಲಹೆ. ಹೋಗುತ್ತೇನೆ ಅಂದ ಮಗುವಿನ ಪಕ್ಕದ ಮನೆಯ ಮಗುವಿಗೆ ಅದನ್ನು ತಿಳಿಸಿ, ಆಮೇಲೆ ಮತ್ತೊಮ್ಮೆ ಕೇಳಿ. 1983ರ ಮತದಾನದ ನಂತರ ಬಹಳ ಮನೆಗಳಲ್ಲಿ ನಡೆದದ್ದು ಅದೇ. ನೆಲದ ಬಿಸಿ ಬದಲಾಗಿರಲಿಲ್ಲ, ಪಕ್ಕದ ಮನೆ ಇರಲಿಲ್ಲ.